ದತ್ತಾಂಶ ವರ್ಗಾವಣೆ ದರಗಳ ಪರಿವರ್ತನೆ: ಆಪ್ಟಿಕಲ್ ಜಾಲದ ಚಾನೆಲ್‌ಗಳಿಂದ ಡಯಲ್-ಅಪ್ ಮೋಡೆಮ್‌ವರೆಗೆ

(ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವ ಸಾರ್ವಜನಿಕರ ಅವಗಾಹನೆಗಾಗಿ)

1. ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಪಿಂಚಣಿ ಮುಂತಾದ ಸೇವೆಗಳಿಗೆ ಸಾರ್ವಜನಿಕರು ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸುತ್ತಿದ್ದು, ಅಗತ್ಯ ದಾಖಲೆಗಳ ಪ್ರತಿಗಳನ್ನು ಅರ್ಜಿಯೊಂದಿಗೆ ಲಗತ್ತಿಸಬೇಕಾಗಿರುತ್ತದೆ. ಕಡತವೊಂದು ಅರ್ಜಿದಾರರ ಗಣಕಯಂತ್ರ ಅಥವಾ ಮೊಬೈಲ್‌ನಿಂದ ಸರ್ವರ್ ತಲುಪಲು ಎಷ್ಟು ಸಮಯ ಬೇಕೆಂಬುದು ಸಂಪರ್ಕದ ದತ್ತಾಂಶ ವರ್ಗಾವಣೆ ದರವನ್ನು ಅವಲಂಬಿಸಿರುತ್ತದೆ.

ಈ ದರವನ್ನು ಬೇರೆ ಬೇರೆ ಕಡೆಗಳಲ್ಲಿ ಬೇರೆ ಬೇರೆ ಹೆಸರುಗಳಿಂದ ನಮೂದಿಸುವುದು ವಾಡಿಕೆ. ಜಾಲ ಯೋಜನೆಗಳ ವರದಿಗಳಲ್ಲಿ 'ಓಸಿ-3', 'ಎಸ್‌ಟಿಎಂ-1' ಎಂಬ ಹೆಸರುಗಳಿರುತ್ತವೆ. ಗಣಕ ವಿಜ್ಞಾನದ ಪಠ್ಯಗಳಲ್ಲಿಯೂ ಸ್ಪರ್ಧಾತ್ಮಕ ಪರೀಕ್ಷೆಗಳ ಪ್ರಶ್ನೆಗಳಲ್ಲಿಯೂ '56ಕೆ ಮೋಡೆಮ್' ಎಂದಿರುತ್ತದೆ. ಮೊಬೈಲ್ ರೀಚಾರ್ಜ್ ಯೋಜನೆಗಳ ವಿವರಣೆಯಲ್ಲಿ '64 ಕೆಬಿಪಿಎಸ್' ಎಂದು ಸಣ್ಣ ಅಕ್ಷರಗಳಲ್ಲಿ ಮುದ್ರಿಸಲಾಗಿರುತ್ತದೆ. ಇವುಗಳನ್ನು ಒಂದೇ ಅಳತೆಗೆ ತಂದು ಹೋಲಿಸುವ ವಿಧಾನವನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಭಾರತದಲ್ಲಿ ಸಾರ್ವಜನಿಕ ಅಂತರ್ಜಾಲ ಸೇವೆಯು 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮದ ಮೂಲಕ ಆರಂಭವಾದಾಗ ಮನೆ ಮತ್ತು ಕಚೇರಿಗಳಿಗೆ ಲಭ್ಯವಿದ್ದ ಮುಖ್ಯ ಮಾರ್ಗ ಡಯಲ್-ಅಪ್ ಸಂಪರ್ಕವಾಗಿತ್ತು. ಇಂದು ಅದರ ಬಳಕೆ ಅತಿ ವಿರಳ. ಆದರೆ ಡಯಲ್-ಅಪ್ ಕಾಲದ ವೇಗ ಮಾತ್ರ ಸಂಪೂರ್ಣವಾಗಿ ಮರೆಯಾಗಿಲ್ಲ. ಹಲವು ಮೊಬೈಲ್ ಯೋಜನೆಗಳಲ್ಲಿ ದಿನದ ಡೇಟಾ ಮಿತಿ ಮುಗಿದ ನಂತರ ವೇಗವನ್ನು ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಸಲಾಗುತ್ತದೆ. ಅಂತಹ ಹೊತ್ತಿನಲ್ಲಿ ಅರ್ಜಿ ಸಲ್ಲಿಸಲು ಕುಳಿತವರ ಸ್ಥಿತಿಯು ಹಿಂದಿನ ಮೋಡೆಮ್ ಬಳಕೆದಾರರ ಸ್ಥಿತಿಗಿಂತ ಹೆಚ್ಚು ಭಿನ್ನವಾಗಿರುವುದಿಲ್ಲ. ಆದ್ದರಿಂದ ಈ ಲೆಕ್ಕವು ಅರ್ಜಿದಾರರಿಗೆ, ವಿಶೇಷವಾಗಿ ಕೊನೆಯ ದಿನಾಂಕ ಸಮೀಪಿಸಿದಾಗ, ಉಪಯುಕ್ತವಾಗಿರುತ್ತದೆ.

2. ಏಕಮಾನಗಳು

2.1 ಬಿಟ್ ಮತ್ತು ಬೈಟ್: ದತ್ತಾಂಶದ ಅತಿ ಚಿಕ್ಕ ಘಟಕ ಬಿಟ್, ಅದು 0 ಅಥವಾ 1 ಆಗಿರುತ್ತದೆ. 8 ಬಿಟ್‌ಗಳು ಸೇರಿ 1 ಬೈಟ್ ಆಗುತ್ತದೆ. ಸಂಪರ್ಕದ ವೇಗವನ್ನು ಬಿಟ್‌ಗಳಲ್ಲಿ, ಕಡತದ ಗಾತ್ರವನ್ನು ಬೈಟ್‌ಗಳಲ್ಲಿ ಹೇಳುವುದು ರೂಢಿ. ಅತಿ ಹೆಚ್ಚು ತಪ್ಪುಗಳು ಆಗುವುದು ಇಲ್ಲಿಯೇ.

2.2 ಸಂಕೇತಗಳಲ್ಲಿನ ವ್ಯತ್ಯಾಸ: ಇಂಗ್ಲಿಷ್ ಸಂಕೇತಗಳಲ್ಲಿ ಚಿಕ್ಕ ಅಕ್ಷರದ 'ಬಿ' ಬಿಟ್ ಅನ್ನೂ, ದೊಡ್ಡ ಅಕ್ಷರದ 'ಬಿ' ಬೈಟ್ ಅನ್ನೂ ಸೂಚಿಸುತ್ತದೆ. ಎರಡರ ನಡುವಿನ ಅಂತರ 8 ಪಟ್ಟು. ಅಕ್ಷರದ ಗಾತ್ರವನ್ನು ಗಮನಿಸದೆ ಲೆಕ್ಕ ಹಾಕಿದಲ್ಲಿ 1 ನಿಮಿಷದ ಕೆಲಸಕ್ಕೆ 8 ನಿಮಿಷ ಹಿಡಿಯಬಹುದು.

2.3 ಸಾವಿರ ಮತ್ತು 1,024: ವರ್ಗಾವಣೆ ದರದಲ್ಲಿ ಕಿಲೋ ಎಂದರೆ 1,000, ಮೆಗಾ ಎಂದರೆ 10 ಲಕ್ಷ, ಗಿಗಾ ಎಂದರೆ 100 ಕೋಟಿ. ಕಡತದ ಗಾತ್ರದಲ್ಲಿ ಮಾತ್ರ ಅನೇಕ ಗಣಕಯಂತ್ರಗಳು 1 ಕಿಲೋಬೈಟ್ ಎಂಬುದನ್ನು 1,024 ಬೈಟ್ ಎಂದು ಪರಿಗಣಿಸುತ್ತವೆ. ಈ ಪುಟದ ಲೆಕ್ಕಗಳಲ್ಲಿ ಕಡತಗಳಿಗೆ 1,024ನ್ನು, ದರಗಳಿಗೆ 1,000ವನ್ನು ಬಳಸಲಾಗಿದೆ.

3. ಡಯಲ್-ಅಪ್ ಮೋಡೆಮ್‌ಗಳ ದರಗಳು

ಮೋಡೆಮ್ ಎಂಬುದು ಗಣಕಯಂತ್ರದ ಅಂಕಿ ಸಂಕೇತಗಳನ್ನು ದೂರವಾಣಿ ತಂತಿಯ ಮೇಲೆ ಸಾಗಬಲ್ಲ ಧ್ವನಿ ಸಂಕೇತಗಳನ್ನಾಗಿ ಮಾರ್ಪಡಿಸಿ, ಇನ್ನೊಂದು ತುದಿಯಲ್ಲಿ ಮರಳಿ ಅಂಕಿಗಳನ್ನಾಗಿಸುವ ಸಾಧನವಾಗಿದೆ. ಇವುಗಳಿಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ನಿಗದಿಪಡಿಸಿದ ಪ್ರಮುಖ ಮಾನಕಗಳು ಈ ಕೆಳಕಂಡಂತಿವೆ.

ಕೋಷ್ಟಕ 1: ಮೋಡೆಮ್ ಮಾನಕಗಳು (ಸೆಕೆಂಡಿಗೆ ಬಿಟ್‌ಗಳಲ್ಲಿ)

| ಮಾನಕ | ಗರಿಷ್ಠ ದರ |
| --- | --- |
| ವಿ.21 | 300 |
| ವಿ.22 | 1,200 |
| ವಿ.22 ಬಿಸ್ | 2,400 |
| ವಿ.32 | 9,600 |
| ವಿ.32 ಬಿಸ್ | 14,400 |
| ವಿ.34 (1994) | 28,800 |
| ವಿ.34 (1996ರ ಪರಿಷ್ಕರಣೆ) | 33,600 |
| ವಿ.90 (1998) | ಇಳಿಕೆ 56,000. ಏರಿಕೆ 33,600 |
| ವಿ.92 (2000) | ಇಳಿಕೆ 56,000. ಏರಿಕೆ 48,000 |

ಇಲ್ಲಿ 'ಇಳಿಕೆ' ಎಂದರೆ ಜಾಲದಿಂದ ಬಳಕೆದಾರರ ಕಡೆಗೆ ಬರುವ ದತ್ತಾಂಶ (ಡೌನ್‌ಲೋಡ್). 'ಏರಿಕೆ' ಎಂದರೆ ಬಳಕೆದಾರರಿಂದ ಜಾಲಕ್ಕೆ ಹೋಗುವ ದತ್ತಾಂಶ (ಅಪ್‌ಲೋಡ್).

56,000 ಎಂಬ ಅಂಕಿ ಬಂದ ಬಗೆಯನ್ನು ತಿಳಿದಲ್ಲಿ ಮುಂದಿನ ಪರಿವರ್ತನೆ ಸುಲಭವಾಗುತ್ತದೆ. ದೂರವಾಣಿ ಕೇಂದ್ರದಲ್ಲಿ ಮಾತಿನ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯಲಾಗುತ್ತದೆ. 8,000ವನ್ನು 8ರಿಂದ ಗುಣಿಸಿದರೆ ಸೆಕೆಂಡಿಗೆ 64,000 ಬಿಟ್ ಆಗುತ್ತದೆ. ಇದೇ ಒಂದು ದೂರವಾಣಿ ಚಾನೆಲ್‌ನ ದರ. ಮೋಡೆಮ್ ಬಳಕೆಯಲ್ಲಿ ಈ 8 ಬಿಟ್‌ಗಳ ಪೈಕಿ 7ನ್ನು ಮಾತ್ರ ನೆಚ್ಚಿಕೊಳ್ಳಲು ಸಾಧ್ಯವಾದುದರಿಂದ 8,000 ಮತ್ತು 7ರ ಗುಣಲಬ್ಧವಾದ 56,000 ಗರಿಷ್ಠ ದರವೆನಿಸಿತು. ಅಮೆರಿಕದಲ್ಲಿ ಸಂಕೇತದ ಶಕ್ತಿಗೆ ವಿಧಿಸಲಾಗಿದ್ದ ಮಿತಿಯಿಂದಾಗಿ ಅಲ್ಲಿ ಈ ದರವು ಸುಮಾರು 53,300ಕ್ಕೆ ಸೀಮಿತವಾಗಿತ್ತು. ತಂತಿಯ ಉದ್ದ, ಕೀಲುಗಳ ಸ್ಥಿತಿ ಮತ್ತು ಗದ್ದಲಕ್ಕೆ ಅನುಗುಣವಾಗಿ ವಾಸ್ತವಿಕ ದರ ಇನ್ನೂ ಕಡಿಮೆ ಇರುತ್ತಿತ್ತು.

ಅರ್ಜಿದಾರರು ಗಮನಿಸಬೇಕಾದ ಅಂಶವೆಂದರೆ, 56,000 ಎಂಬುದು ಇಳಿಕೆಯ ದರ ಮಾತ್ರ. ಅರ್ಜಿ ಸಲ್ಲಿಕೆಯು ಏರಿಕೆಯ ಕೆಲಸ. ವಿ.90 ಮೋಡೆಮ್‌ನಲ್ಲಿ ಆ ದಿಕ್ಕಿನ ದರ 33,600 ಮಾತ್ರ. ಇಂದಿನ ಅನೇಕ ಬ್ರಾಡ್‌ಬ್ಯಾಂಡ್ ಮತ್ತು ಮೊಬೈಲ್ ಸಂಪರ್ಕಗಳಲ್ಲಿಯೂ ಏರಿಕೆಯ ದರವು ಇಳಿಕೆಯ ದರಕ್ಕಿಂತ ಕಡಿಮೆ ಇರುತ್ತದೆ.

4. ಆಪ್ಟಿಕಲ್ ಜಾಲದ ಚಾನೆಲ್‌ಗಳ ದರಗಳು

ಆಪ್ಟಿಕಲ್ ಫೈಬರ್ ಎಂದರೆ ಬೆಳಕಿನ ಮೂಲಕ ದತ್ತಾಂಶವನ್ನು ಸಾಗಿಸುವ ಗಾಜಿನ ತಂತು. ದೂರಸಂಪರ್ಕ ಸಂಸ್ಥೆಗಳ ಮುಖ್ಯ ಮಾರ್ಗಗಳಲ್ಲಿ ದೀರ್ಘಕಾಲ ಎರಡು ಶ್ರೇಣಿಗಳು ಬಳಕೆಯಲ್ಲಿದ್ದವು. ಉತ್ತರ ಅಮೆರಿಕದಲ್ಲಿ ಸೋನೆಟ್ ಎಂಬ ಶ್ರೇಣಿಯಿದ್ದು, ಅದರ ಹಂತಗಳನ್ನು 'ಓಸಿ' ಎಂಬ ಸಂಕೇತದಿಂದ ಗುರುತಿಸಲಾಗುತ್ತದೆ. ಭಾರತವೂ ಸೇರಿದಂತೆ ಉಳಿದ ಬಹುತೇಕ ದೇಶಗಳಲ್ಲಿ ಎಸ್‌ಡಿಎಚ್ ಎಂಬ ಶ್ರೇಣಿಯಿದ್ದು, ಅದರ ಹಂತಗಳನ್ನು 'ಎಸ್‌ಟಿಎಂ' ಎಂದು ಕರೆಯಲಾಗುತ್ತದೆ. ಎರಡೂ ಶ್ರೇಣಿಗಳ ದರಗಳು ಹೊಂದಿಕೆಯಾಗುವಂತೆ ರೂಪಿತವಾಗಿವೆ: ಓಸಿ-3ರ ದರವೇ ಎಸ್‌ಟಿಎಂ-1ರ ದರ.

ಕೋಷ್ಟಕ 2: ಆಪ್ಟಿಕಲ್ ಚಾನೆಲ್‌ಗಳು (ಸೆಕೆಂಡಿಗೆ ಮೆಗಾಬಿಟ್‌ಗಳಲ್ಲಿ)

| ಸೋನೆಟ್ ಹಂತ | ಎಸ್‌ಡಿಎಚ್ ಹಂತ | ದರ |
| --- | --- | --- |
| ಓಸಿ-1 | ಎಸ್‌ಟಿಎಂ-0 | 51.84 |
| ಓಸಿ-3 | ಎಸ್‌ಟಿಎಂ-1 | 155.52 |
| ಓಸಿ-12 | ಎಸ್‌ಟಿಎಂ-4 | 622.08 |
| ಓಸಿ-48 | ಎಸ್‌ಟಿಎಂ-16 | 2,488.32 |
| ಓಸಿ-192 | ಎಸ್‌ಟಿಎಂ-64 | 9,953.28 |
| ಓಸಿ-768 | ಎಸ್‌ಟಿಎಂ-256 | 39,813.12 |

ಓಸಿ ಮುಂದಿನ ಸಂಖ್ಯೆಯನ್ನು 51.84ರಿಂದ, ಎಸ್‌ಟಿಎಂ ಮುಂದಿನ ಸಂಖ್ಯೆಯನ್ನು 155.52ರಿಂದ ಗುಣಿಸಿದರೆ ದರ ದೊರೆಯುತ್ತದೆ. ಎಸ್‌ಟಿಎಂ-0 ಮಾತ್ರ ಈ ಗುಣಾಕಾರಕ್ಕೆ ಹೊರತಾದ ಹೆಸರು. ಎರಡು ಅಂಕಿಗಳನ್ನು ನೆನಪಿನಲ್ಲಿಟ್ಟುಕೊಂಡಲ್ಲಿ ಇಡೀ ಕೋಷ್ಟಕವನ್ನು ನೆನಪಿಡುವ ಅಗತ್ಯವಿಲ್ಲ.

ಈ ಅಂಕಿಗಳ ಮೂಲವೂ ದೂರವಾಣಿಯ 8,000ವೇ ಆಗಿದೆ. ಎಸ್‌ಟಿಎಂ-1ರಲ್ಲಿ ದತ್ತಾಂಶವನ್ನು ಚೌಕಟ್ಟುಗಳಾಗಿ ಕಳುಹಿಸಲಾಗುತ್ತದೆ. ಒಂದು ಚೌಕಟ್ಟಿನಲ್ಲಿ 9 ಸಾಲು ಮತ್ತು 270 ಕಂಬಸಾಲು, ಅಂದರೆ 2,430 ಬೈಟ್‌ಗಳಿರುತ್ತವೆ. ಸೆಕೆಂಡಿಗೆ 8,000 ಚೌಕಟ್ಟುಗಳು ಸಾಗುತ್ತವೆ. 2,430ನ್ನು 8 ಬಿಟ್‌ಗಳಿಂದಲೂ ನಂತರ 8,000ದಿಂದಲೂ ಗುಣಿಸಿದರೆ 15,55,20,000 ಬಿಟ್, ಅಂದರೆ 155.52 ಮೆಗಾಬಿಟ್ ಆಗುತ್ತದೆ. ಚೌಕಟ್ಟಿನ ಪ್ರತಿಯೊಂದು ಬೈಟ್ ಸ್ಥಾನವೂ ಹೀಗೆ 64,000 ಬಿಟ್ ದರದ ಒಂದು ದೂರವಾಣಿ ಚಾನೆಲ್‌ಗೆ ಸಮನಾಗಿರುತ್ತದೆ. ಮೋಡೆಮ್ ಮತ್ತು ಆಪ್ಟಿಕಲ್ ಚಾನೆಲ್ ಎರಡೂ ಒಂದೇ ದೂರವಾಣಿ ವ್ಯವಸ್ಥೆಯಿಂದ ಬಂದುದರಿಂದ ಅವುಗಳ ನಡುವೆ ಈ ಸಂಬಂಧವಿದೆ.

ಇತ್ತೀಚಿನ ವರ್ಷಗಳಲ್ಲಿ ಮುಖ್ಯ ಮಾರ್ಗಗಳಲ್ಲಿ ಎಸ್‌ಡಿಎಚ್ ಬದಲಿಗೆ ಈಥರ್‌ನೆಟ್ ಮುಂತಾದ ತಂತ್ರಜ್ಞಾನಗಳು ಹೆಚ್ಚಾಗಿ ಬಂದಿವೆ. ಆದರೂ ಹಳೆಯ ಅಂಕಿಗಳು ಉಳಿದಿವೆ. ಮನೆಗಳಿಗೆ ಫೈಬರ್ ಒದಗಿಸುವ ಜಿಪಾನ್ ತಂತ್ರಜ್ಞಾನದಲ್ಲಿ ಇಳಿಕೆಯ ದರ ಸೆಕೆಂಡಿಗೆ 2,488.32 ಮೆಗಾಬಿಟ್, ಏರಿಕೆಯ ದರ 1,244.16 ಮೆಗಾಬಿಟ್. ಮೊದಲನೆಯದು ಓಸಿ-48ರ ದರ. ಎರಡನೆಯದು ಅದರ ಅರ್ಧ.

5. ಪರಿವರ್ತನಾ ವಿಧಾನ

ಹಂತ 1: ಎರಡೂ ದರಗಳನ್ನು ಸೆಕೆಂಡಿಗೆ ಬಿಟ್‌ಗಳಲ್ಲಿ ಬರೆಯತಕ್ಕದ್ದು. ಬೈಟ್‌ಗಳಲ್ಲಿದ್ದರೆ 8ರಿಂದ ಗುಣಿಸತಕ್ಕದ್ದು.
ಹಂತ 2: ಕಿಲೋ, ಮೆಗಾ, ಗಿಗಾಗಳನ್ನು ಬಿಡಿಸಿ ಬರೆಯತಕ್ಕದ್ದು.
ಹಂತ 3: ದೊಡ್ಡ ದರವನ್ನು ಚಿಕ್ಕ ದರದಿಂದ ಭಾಗಿಸತಕ್ಕದ್ದು. ಬರುವ ಭಾಗಲಬ್ಧವು ಮೊದಲನೆಯದು ಎರಡನೆಯದರ ಎಷ್ಟು ಪಟ್ಟು ಎಂಬುದನ್ನು ತಿಳಿಸುತ್ತದೆ.

ಉದಾಹರಣೆ 1: ಓಸಿ-3 ಚಾನೆಲ್ 56ಕೆ ಮೋಡೆಮ್‌ನ ಎಷ್ಟು ಪಟ್ಟು?
15,55,20,000 ÷ 56,000 = 2,777.14

ಉದಾಹರಣೆ 2: ಅದೇ ಚಾನೆಲ್ 28.8ಕೆ ಮೋಡೆಮ್‌ನ ಎಷ್ಟು ಪಟ್ಟು?
15,55,20,000 ÷ 28,800 = 5,400

ಉದಾಹರಣೆ 3 (ವಿಲೋಮ ಪರಿವರ್ತನೆ): 56ಕೆ ಮೋಡೆಮ್ ಓಸಿ-3ರ ಎಷ್ಟು ಭಾಗ?
56,000 ÷ 15,55,20,000 = 0.00036, ಅಂದರೆ ಶೇಕಡ 0.036

ಕೋಷ್ಟಕ 3: ಒಂದು ಆಪ್ಟಿಕಲ್ ಚಾನೆಲ್ ಮೋಡೆಮ್ ದರದ ಎಷ್ಟು ಪಟ್ಟು

| ಚಾನೆಲ್ | 28.8ಕೆ | 33.6ಕೆ | 56ಕೆ |
| --- | --- | --- | --- |
| ಓಸಿ-1 | 1,800 | 1,542.86 | 925.71 |
| ಓಸಿ-3 | 5,400 | 4,628.57 | 2,777.14 |
| ಓಸಿ-12 | 21,600 | 18,514.29 | 11,108.57 |
| ಓಸಿ-48 | 86,400 | 74,057.14 | 44,434.29 |
| ಓಸಿ-192 | 3,45,600 | 2,96,228.57 | 1,77,737.14 |

6. ಭಾಗಲಬ್ಧವೂ ವಾಸ್ತವಿಕ ಸಾಮರ್ಥ್ಯವೂ

ಕೋಷ್ಟಕ 3ರ ಅಂಕಿಗಳು ಗಣಿತದ ದೃಷ್ಟಿಯಿಂದ ಸರಿಯಾಗಿವೆ. ಆದರೆ ಒಂದು ಎಸ್‌ಟಿಎಂ-1 ಮಾರ್ಗದಲ್ಲಿ 2,777 ಡಯಲ್-ಅಪ್ ಬಳಕೆದಾರರು ಏಕಕಾಲಕ್ಕೆ ಸಂಪರ್ಕ ಹೊಂದಬಹುದೆಂದು ಇದರಿಂದ ಭಾವಿಸತಕ್ಕದ್ದಲ್ಲ. ಕಾರಣಗಳು ಈ ಕೆಳಕಂಡಂತಿವೆ.

(ಅ) 56ಕೆ ಮೋಡೆಮ್‌ನ ಪ್ರತಿಯೊಂದು ಕರೆಯೂ 64,000 ಬಿಟ್‌ಗಳ ಒಂದು ಪೂರ್ಣ ದೂರವಾಣಿ ಚಾನೆಲ್ ಅನ್ನು ಆಕ್ರಮಿಸಿಕೊಳ್ಳುತ್ತದೆ. 15,55,20,000ವನ್ನು 64,000ದಿಂದ ಭಾಗಿಸಿದರೆ 2,430 ಆಗುತ್ತದೆ.

(ಆ) ಚೌಕಟ್ಟಿನ 270 ಕಂಬಸಾಲುಗಳ ಪೈಕಿ 10 ಕಂಬಸಾಲುಗಳು ಮಾರ್ಗದ ಮೇಲ್ವಿಚಾರಣೆ ಮತ್ತು ನಿರ್ವಹಣೆಯ ಮಾಹಿತಿಗೆ ಮೀಸಲಾಗಿರುತ್ತವೆ. ಉಳಿಯುವ 260 ಕಂಬಸಾಲುಗಳ ಸಾಮರ್ಥ್ಯ ಸೆಕೆಂಡಿಗೆ 149.76 ಮೆಗಾಬಿಟ್, ಅಂದರೆ 2,340 ಚಾನೆಲ್.

(ಇ) ಭಾರತದ ದೂರವಾಣಿ ಜಾಲದಲ್ಲಿ ಕರೆಗಳನ್ನು ಸೆಕೆಂಡಿಗೆ 2.048 ಮೆಗಾಬಿಟ್ ದರದ ಇ-1 ಎಂಬ ಕಂತೆಗಳಲ್ಲಿ ಕಟ್ಟಲಾಗುತ್ತದೆ. ಒಂದು ಎಸ್‌ಟಿಎಂ-1ರಲ್ಲಿ 63 ಇ-1ಗಳಿಗೆ ಸ್ಥಳವಿದೆ. ಒಂದು ಇ-1ರಲ್ಲಿ 32 ಚಾನೆಲ್‌ಗಳಿದ್ದರೂ ಸಾಮಾನ್ಯವಾಗಿ 2 ಚಾನೆಲ್‌ಗಳು ಹೊಂದಾಣಿಕೆ ಮತ್ತು ಸಂಜ್ಞೆಗಳಿಗೆ ಹೋಗಿ, ಮಾತಿಗೆ 30 ಉಳಿಯುತ್ತವೆ. 63 ಮತ್ತು 30ರ ಗುಣಲಬ್ಧ 1,890.

ಭಾಗಾಕಾರದಿಂದ ದೊರೆತ 2,777 ಹೀಗೆ ಬಳಕೆಯಲ್ಲಿ 1,890ಕ್ಕೆ ಇಳಿಯುತ್ತದೆ. ಪ್ರಶ್ನೆಯು 'ದರ ಎಷ್ಟು ಪಟ್ಟು' ಎಂದಿದ್ದರೆ 2,777.14 ಸರಿಯುತ್ತರ, 'ಏಕಕಾಲಕ್ಕೆ ಎಷ್ಟು ಕರೆಗಳು' ಎಂದಿದ್ದರೆ 1,890 ಸರಿಯುತ್ತರ. ಪರೀಕ್ಷಾರ್ಥಿಗಳು ಪ್ರಶ್ನೆಯ ಪದಗಳನ್ನು ಎಚ್ಚರಿಕೆಯಿಂದ ಓದತಕ್ಕದ್ದು.

7. ಮುಖ್ಯ ಮಾರ್ಗದ ದರ ಮತ್ತು ಬಳಕೆದಾರರ ಪಾಲು

ಕಡತವು ಅರ್ಜಿದಾರರಿಂದ ಸರ್ವರ್‌ವರೆಗೆ ಅನೇಕ ಕೊಂಡಿಗಳನ್ನು ದಾಟಿ ಹೋಗುತ್ತದೆ. ಇಡೀ ಪಯಣದ ವೇಗವು ಆ ಕೊಂಡಿಗಳಲ್ಲಿ ಅತಿ ನಿಧಾನವಾದುದರ ವೇಗವನ್ನು ಮೀರುವುದಿಲ್ಲ. ಊರಿನ ಮುಖ್ಯ ಕಾಲುವೆ ಎಷ್ಟೇ ಅಗಲವಿದ್ದರೂ ಹೊಲಕ್ಕೆ ಬರುವ ನೀರು ತೂಬಿನ ಬಾಯಿಯಷ್ಟೇ. ಜಿಲ್ಲಾ ಕೇಂದ್ರದವರೆಗೆ ಓಸಿ-48 ದರದ ಮಾರ್ಗವಿದ್ದು, ಅರ್ಜಿದಾರರ ಮೊಬೈಲ್ 64 ಕಿಲೋಬಿಟ್‌ನಲ್ಲಿದ್ದರೆ ಅವರ ಪಾಲಿಗೆ ದರ 64 ಕಿಲೋಬಿಟ್ ಮಾತ್ರ.

ಇದಲ್ಲದೆ ಮುಖ್ಯ ಮಾರ್ಗವು ಹಲವರ ನಡುವೆ ಹಂಚಿಕೆಯಾಗಿರುತ್ತದೆ. ಜಿಪಾನ್ ವ್ಯವಸ್ಥೆಯ ಒಂದು ಫೈಬರ್ ಅನ್ನು 32 ಸಂಪರ್ಕಗಳಿಗೆ ಕವಲೊಡೆಸಿ, ಎಲ್ಲರೂ ಒಂದೇ ಹೊತ್ತಿನಲ್ಲಿ ಸಮನಾಗಿ ಬಳಸಿದಲ್ಲಿ ಒಬ್ಬೊಬ್ಬರಿಗೆ ಇಳಿಕೆಯಲ್ಲಿ 77.76 ಮೆಗಾಬಿಟ್, ಏರಿಕೆಯಲ್ಲಿ 38.88 ಮೆಗಾಬಿಟ್ ದೊರೆಯುತ್ತದೆ.

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒದಗಿಸುವ ರಾಷ್ಟ್ರೀಯ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2011ರ ಅಕ್ಟೋಬರ್‌ನಲ್ಲಿ ಅನುಮೋದನೆ ನೀಡಿತು. 2015ರಲ್ಲಿ ಅದು ಭಾರತ್‌ನೆಟ್ ಎಂಬ ಹೆಸರು ಪಡೆಯಿತು. ಪ್ರತಿ ಗ್ರಾಮ ಪಂಚಾಯಿತಿಗೆ ಸೆಕೆಂಡಿಗೆ 100 ಮೆಗಾಬಿಟ್ ಸಾಮರ್ಥ್ಯ ಒದಗಿಸುವುದು ಯೋಜನೆಯ ಗುರಿಯಾಗಿತ್ತು. ಇದು 56ಕೆ ಮೋಡೆಮ್‌ನ 1,785.71 ಪಟ್ಟು, ಓಸಿ-3ರ ಸುಮಾರು ಶೇಕಡ 64. ಆದರೆ ಈ 100 ಮೆಗಾಬಿಟ್ ಪಂಚಾಯಿತಿ ಕಚೇರಿ, ಶಾಲೆ, ಸೇವಾ ಕೇಂದ್ರ ಮುಂತಾದ ಬಳಕೆದಾರರೆಲ್ಲರಿಗೂ ಸೇರಿದ್ದಾಗಿರುತ್ತದೆ.

ಬ್ರಾಡ್‌ಬ್ಯಾಂಡ್ ಎಂದು ಕರೆಯಿಸಿಕೊಳ್ಳಲು ಬೇಕಾದ ಕನಿಷ್ಠ ಡೌನ್‌ಲೋಡ್ ದರವೂ ಕಾಲಕ್ರಮೇಣ ಏರಿದೆ. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಅದು 256 ಕಿಲೋಬಿಟ್ (56ಕೆ ಮೋಡೆಮ್‌ನ 4.57 ಪಟ್ಟು), 2013ರಲ್ಲಿ 512 ಕಿಲೋಬಿಟ್ (9.14 ಪಟ್ಟು), 2023ರ ಜನವರಿಯ ಅಧಿಸೂಚನೆಯಲ್ಲಿ 2 ಮೆಗಾಬಿಟ್ (35.71 ಪಟ್ಟು).

8. ದಾಖಲೆ ಅಪ್‌ಲೋಡ್ ಮಾಡಲು ಬೇಕಾಗುವ ಸಮಯ

ಸೂತ್ರ: ಸಮಯ (ಸೆಕೆಂಡ್) = ಕಡತದ ಗಾತ್ರ (ಬೈಟ್) × 8 ÷ ಏರಿಕೆಯ ದರ (ಸೆಕೆಂಡಿಗೆ ಬಿಟ್)

ಕೋಷ್ಟಕ 4: ಆದರ್ಶ ಸ್ಥಿತಿಯಲ್ಲಿ ತಗಲುವ ಸಮಯ

| ಏರಿಕೆಯ ದರ | 100 ಕಿಲೋಬೈಟ್ ಭಾವಚಿತ್ರ | 500 ಕಿಲೋಬೈಟ್ ದಾಖಲೆ | 2 ಮೆಗಾಬೈಟ್ ದಾಖಲೆ |
| --- | --- | --- | --- |
| 33.6 ಕಿಲೋಬಿಟ್ (ವಿ.90 ಮೋಡೆಮ್) | 24 ಸೆಕೆಂಡ್ | 2 ನಿಮಿಷ 2 ಸೆಕೆಂಡ್ | 8 ನಿಮಿಷ 19 ಸೆಕೆಂಡ್ |
| 64 ಕಿಲೋಬಿಟ್ (ಡೇಟಾ ಮಿತಿ ಮುಗಿದ ಮೊಬೈಲ್) | 13 ಸೆಕೆಂಡ್ | 1 ನಿಮಿಷ 4 ಸೆಕೆಂಡ್ | 4 ನಿಮಿಷ 22 ಸೆಕೆಂಡ್ |
| 2 ಮೆಗಾಬಿಟ್ | 0.4 ಸೆಕೆಂಡ್ | 2 ಸೆಕೆಂಡ್ | 8.4 ಸೆಕೆಂಡ್ |
| 100 ಮೆಗಾಬಿಟ್ | 0.01 ಸೆಕೆಂಡ್ | 0.04 ಸೆಕೆಂಡ್ | 0.17 ಸೆಕೆಂಡ್ |
| 155.52 ಮೆಗಾಬಿಟ್ (ಓಸಿ-3) | 0.005 ಸೆಕೆಂಡ್ | 0.03 ಸೆಕೆಂಡ್ | 0.11 ಸೆಕೆಂಡ್ |

ವಾಸ್ತವದಲ್ಲಿ ಇದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ. ದತ್ತಾಂಶದ ಪ್ರತಿ ಪೊಟ್ಟಣಕ್ಕೂ ವಿಳಾಸ ಮತ್ತು ಪರಿಶೀಲನಾ ಅಂಕಿಗಳು ಸೇರುತ್ತವೆ. ದಾರಿಯಲ್ಲಿ ಕಳೆದುಹೋದ ಪೊಟ್ಟಣಗಳನ್ನು ಮರಳಿ ಕಳುಹಿಸಬೇಕಾಗುತ್ತದೆ.

ಬಾಯಿಲೆಕ್ಕದ ವಿಧಾನ: ಬಿಟ್‌ಗಳಲ್ಲಿರುವ ದರವನ್ನು 8ರ ಬದಲು 10ರಿಂದ ಭಾಗಿಸಿದರೆ ಸೆಕೆಂಡಿಗೆ ಸಾಗುವ ಬೈಟ್‌ಗಳು ಅಂದಾಜಾಗಿ ದೊರೆಯುತ್ತವೆ. ಹಳೆಯ ಮೋಡೆಮ್‌ಗಳಲ್ಲಿ ಪ್ರತಿ ಬೈಟ್‌ಗೆ ಆರಂಭ ಮತ್ತು ಅಂತ್ಯವನ್ನು ಸೂಚಿಸುವ ತಲಾ 1 ಬಿಟ್ ಸೇರಿ 10 ಬಿಟ್ ಆಗುತ್ತಿದ್ದುದು ಈ ರೂಢಿಯ ಮೂಲ. ಇಂದಿನ ಸಂಪರ್ಕಗಳಲ್ಲಿ ಆ ಬಿಟ್‌ಗಳಿಲ್ಲವಾದರೂ, ದರದ ಶೇಕಡ 80 ಮಾತ್ರ ಉಪಯೋಗಕ್ಕೆ ಬರುವುದೆಂಬ ಎಚ್ಚರಿಕೆಯ ಅಂದಾಜಿಗೆ ಈ ವಿಧಾನ ಸರಿಹೊಂದುತ್ತದೆ. ಉದಾಹರಣೆಗೆ 64 ಕಿಲೋಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 6.4 ಕಿಲೋಬೈಟ್ ಸಾಗುತ್ತದೆ. 500 ಕಿಲೋಬೈಟ್ ಕಡತಕ್ಕೆ ಸುಮಾರು 80 ಸೆಕೆಂಡ್ ಬೇಕು.

ಒಂದು ಪೂರ್ಣ ಉದಾಹರಣೆ: ಅರ್ಜಿದಾರರೊಬ್ಬರು ನಾಲ್ಕು ದಾಖಲೆಗಳನ್ನು ಲಗತ್ತಿಸಬೇಕಾಗಿದ್ದು, ಅವರ ಮೊಬೈಲ್‌ನ ದರ 64 ಕಿಲೋಬಿಟ್‌ಗೆ ಇಳಿದಿದೆ ಎಂದಿಟ್ಟುಕೊಳ್ಳೋಣ.

(ಅ) ಮೊಬೈಲ್ ಕ್ಯಾಮೆರಾದಲ್ಲಿ ತೆಗೆದ, ತಲಾ 3 ಮೆಗಾಬೈಟ್‌ನ ಚಿತ್ರಗಳನ್ನು ಹಾಗೆಯೇ ಕಳುಹಿಸಿದಲ್ಲಿ ಒಟ್ಟು 12 ಮೆಗಾಬೈಟ್, ಅಂದರೆ 10,06,63,296 ಬಿಟ್. ಆದರ್ಶ ಸಮಯ 26 ನಿಮಿಷ 13 ಸೆಕೆಂಡ್. ಶೇಕಡ 80ರ ಅಂದಾಜಿನಲ್ಲಿ ಸುಮಾರು 33 ನಿಮಿಷ.

(ಆ) ಅವೇ ದಾಖಲೆಗಳನ್ನು ತಲಾ 500 ಕಿಲೋಬೈಟ್‌ಗೆ ಕುಗ್ಗಿಸಿ ಕಳುಹಿಸಿದಲ್ಲಿ ಒಟ್ಟು 1,63,84,000 ಬಿಟ್. ಆದರ್ಶ ಸಮಯ 4 ನಿಮಿಷ 16 ಸೆಕೆಂಡ್. ಶೇಕಡ 80ರ ಅಂದಾಜಿನಲ್ಲಿ ಸುಮಾರು 5 ನಿಮಿಷ 20 ಸೆಕೆಂಡ್.

ಸಂಪರ್ಕದ ದರ ಬದಲಾಗಲಿಲ್ಲ. ಕಡತದ ಗಾತ್ರವಷ್ಟೇ ಬದಲಾಯಿತು. ದರ ಅರ್ಜಿದಾರರ ಕೈಯಲ್ಲಿರುವುದಿಲ್ಲ. ಗಾತ್ರ ಅವರ ಕೈಯಲ್ಲಿರುತ್ತದೆ. ಅಪ್‌ಲೋಡ್‌ಗೆ 33 ನಿಮಿಷ ಹಿಡಿದಲ್ಲಿ, ಅದರ ನಡುವೆ ಜಾಲತಾಣದ ಲಾಗಿನ್ ಅವಧಿ ಮುಗಿದು ಅರ್ಜಿಯನ್ನು ಮೊದಲಿನಿಂದ ತುಂಬಬೇಕಾದ ಸಂದರ್ಭವೂ ಬರಬಹುದು. ಕೊನೆಯ ದಿನಾಂಕದ ರಾತ್ರಿ ಇಂತಹ ವಿಳಂಬವಾದಲ್ಲಿ ವಿದ್ಯಾರ್ಥಿಯೊಬ್ಬರ ಒಂದು ವರ್ಷದ ವಿದ್ಯಾರ್ಥಿವೇತನವೇ ಕೈತಪ್ಪಬಹುದು.

9. ಅರ್ಜಿದಾರರಿಗೆ ಸೂಚನೆಗಳು

1) ಲಗತ್ತಿಸಬೇಕಾದ ಕಡತದ ಗರಿಷ್ಠ ಗಾತ್ರ ಮತ್ತು ನಮೂನೆಯನ್ನು ಆಯಾ ಸೇವೆಯ ಪುಟದಲ್ಲಿ ಮೊದಲೇ ನೋಡಿಕೊಳ್ಳತಕ್ಕದ್ದು.

2) ಸ್ಕ್ಯಾನ್ ಮಾಡುವಾಗ ಅಗತ್ಯಕ್ಕಿಂತ ಹೆಚ್ಚಿನ ಸ್ಪಷ್ಟತೆಯನ್ನು ಆಯ್ಕೆ ಮಾಡಬಾರದು. ಎ4 ಹಾಳೆಯನ್ನು ಅಂಗುಲಕ್ಕೆ 300 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿದರೆ ಸುಮಾರು 87 ಲಕ್ಷ ಚುಕ್ಕಿಗಳಾಗುತ್ತವೆ. 150 ಚುಕ್ಕಿಗಳಂತೆ ಮಾಡಿದರೆ ಸುಮಾರು 22 ಲಕ್ಷ ಮಾತ್ರ. ಸ್ಪಷ್ಟತೆಯನ್ನು ಅರ್ಧಕ್ಕಿಳಿಸಿದಲ್ಲಿ ಚುಕ್ಕಿಗಳ ಸಂಖ್ಯೆ ಕಾಲುಭಾಗಕ್ಕಿಳಿಯುತ್ತದೆ. ಆದರೆ ಸಹಿ, ಮೊಹರು ಮತ್ತು ನೋಂದಣಿ ಸಂಖ್ಯೆಗಳು ಓದಲು ಬರುವಂತಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

3) ಬಣ್ಣ ಅನಿವಾರ್ಯವಲ್ಲದ ದಾಖಲೆಗಳನ್ನು ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡುವುದು ಸೂಕ್ತ.

4) ವೇಗ ಪರೀಕ್ಷೆ ಮಾಡಿದಾಗ ಡೌನ್‌ಲೋಡ್ ಅಂಕಿಯನ್ನಲ್ಲದೆ ಅಪ್‌ಲೋಡ್ ಅಂಕಿಯನ್ನು ಗಮನಿಸತಕ್ಕದ್ದು.

5) ಮೊಬೈಲ್‌ನಿಂದ ಅರ್ಜಿ ಸಲ್ಲಿಸುವವರು ದಿನದ ಡೇಟಾ ಮಿತಿ ಮುಗಿಯುವ ಮುನ್ನವೇ ಅಪ್‌ಲೋಡ್ ಪೂರೈಸುವುದು ಸೂಕ್ತ.

6) ಸ್ವಂತ ಸಂಪರ್ಕ ನಿಧಾನವಾಗಿದ್ದಲ್ಲಿ ಸಮೀಪದ ಗ್ರಾಮ ಒನ್, ಕರ್ನಾಟಕ ಒನ್ ಅಥವಾ ಬೆಂಗಳೂರು ಒನ್ ಕೇಂದ್ರದ ಸೇವೆಯನ್ನು ಪಡೆಯಬಹುದಾಗಿದೆ.

7) ಅರ್ಜಿ ಸ್ವೀಕೃತಿಯ ಸಂಖ್ಯೆ ದೊರೆಯುವವರೆಗೆ ಅರ್ಜಿ ಸಲ್ಲಿಕೆಯಾಗಿದೆಯೆಂದು ಭಾವಿಸತಕ್ಕದ್ದಲ್ಲ. ಸದರಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳತಕ್ಕದ್ದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನ್ನ ಸಂಪರ್ಕ 100 ಮೆಗಾಬಿಟ್ ಎಂದಿದೆ. ಆದರೆ ಕಡತ ಇಳಿಸಿಕೊಳ್ಳುವಾಗ ಪರದೆಯ ಮೇಲೆ 12 ಎಂದು ತೋರಿಸುತ್ತದೆ. ಇದು ಮೋಸವೇ?
ಉತ್ತರ: ಅಲ್ಲ. ಪರದೆಯ ಅಂಕಿ ಮೆಗಾಬೈಟ್‌ಗಳಲ್ಲಿರುವ ಸಾಧ್ಯತೆಯಿದೆ. 100 ಮೆಗಾಬಿಟ್ ಅನ್ನು 8ರಿಂದ ಭಾಗಿಸಿದರೆ 12.5 ಮೆಗಾಬೈಟ್ ಆಗುತ್ತದೆ. ಏಕಮಾನವನ್ನು ಪರಿಶೀಲಿಸತಕ್ಕದ್ದು.

ಪ್ರಶ್ನೆ: ಮೋಡೆಮ್‌ಗಳಿಗೆ ಬಳಸುವ 'ಬಾಡ್' ಮತ್ತು 'ಸೆಕೆಂಡಿಗೆ ಬಿಟ್' ಒಂದೇ ಅಲ್ಲವೇ?
ಉತ್ತರ: ಅಲ್ಲ. ಬಾಡ್ ಎಂಬುದು ತಂತಿಯ ಮೇಲೆ ಸೆಕೆಂಡಿಗೆ ಎಷ್ಟು ಬಾರಿ ಸಂಕೇತ ಬದಲಾಗುತ್ತದೆ ಎಂಬುದರ ಅಳತೆ. ಒಂದು ಸಂಕೇತವು ಹಲವು ಬಿಟ್‌ಗಳನ್ನು ಹೊರಬಲ್ಲದು. ವಿ.22 ಬಿಸ್ ಮೋಡೆಮ್ 600 ಬಾಡ್‌ನಲ್ಲಿ ಪ್ರತಿ ಸಂಕೇತಕ್ಕೆ 4 ಬಿಟ್‌ಗಳಂತೆ ಸೆಕೆಂಡಿಗೆ 2,400 ಬಿಟ್ ಕಳುಹಿಸುತ್ತದೆ. ಪರಿವರ್ತನೆಗೆ ಬಾಡ್ ಅಂಕಿಯನ್ನು ಬಳಸತಕ್ಕದ್ದಲ್ಲ.

ಪ್ರಶ್ನೆ: 'ಓಸಿ-3' ಮತ್ತು 'ಓಸಿ-3ಸಿ' ನಡುವಿನ ವ್ಯತ್ಯಾಸವೇನು?
ಉತ್ತರ: ಎರಡರ ದರವೂ 155.52 ಮೆಗಾಬಿಟ್. ಮೊದಲನೆಯದರಲ್ಲಿ 51.84 ಮೆಗಾಬಿಟ್‌ನ ಮೂರು ಪ್ರತ್ಯೇಕ ಪ್ರವಾಹಗಳಿರುತ್ತವೆ. ಎರಡನೆಯದರಲ್ಲಿ ಅವು ಕೂಡಿ ಒಂದೇ ಪ್ರವಾಹವಾಗಿರುತ್ತದೆ. ದರದ ಪರಿವರ್ತನೆಯಲ್ಲಿ ವ್ಯತ್ಯಾಸವಾಗುವುದಿಲ್ಲ.

ಪ್ರಶ್ನೆ: ಸೇವಾ ಕೇಂದ್ರದಲ್ಲಿ ಫೈಬರ್ ಸಂಪರ್ಕವಿದ್ದರೂ ಅರ್ಜಿ ಸಲ್ಲಿಕೆ ತಡವಾಗುವುದೇಕೆ?
ಉತ್ತರ: ಸಂಪರ್ಕವನ್ನು ಹಲವರು ಹಂಚಿಕೊಂಡಿರಬಹುದು, ಕೊನೆಯ ದಿನಾಂಕದಂದು ಸರ್ವರ್‌ನ ಮೇಲೆ ಒತ್ತಡ ಹೆಚ್ಚಿರಬಹುದು. ಸರ್ವರ್ ಪ್ರತಿಕ್ರಿಯಿಸಲು ತೆಗೆದುಕೊಳ್ಳುವ ಸಮಯವು ಫೈಬರ್‌ನ ದರದಿಂದ ಕಡಿಮೆಯಾಗುವುದಿಲ್ಲ.

ಪ್ರಶ್ನೆ: ನಿಗದಿತ ವೇಗ ದೊರೆಯದಿದ್ದಲ್ಲಿ ಯಾರಿಗೆ ದೂರು ನೀಡಬೇಕು?
ಉತ್ತರ: ಮೊದಲು ಸೇವೆ ಒದಗಿಸುವ ಸಂಸ್ಥೆಯ ದೂರು ಕೇಂದ್ರಕ್ಕೆ ದೂರು ನೀಡಿ, ದೂರಿನ ಸಂಖ್ಯೆಯನ್ನು ಪಡೆಯತಕ್ಕದ್ದು. ಪರಿಹಾರ ತೃಪ್ತಿಕರವಾಗಿಲ್ಲದಿದ್ದಲ್ಲಿ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ನಿಯಮಗಳಲ್ಲಿ ಈ ಎರಡು ಹಂತಗಳ ವ್ಯವಸ್ಥೆಯನ್ನು ಕಲ್ಪಿಸಲಾಗಿದೆ. ದೂರಿನಲ್ಲಿ ಅಳೆದ ದರ, ದಿನಾಂಕ ಮತ್ತು ವೇಳೆಯನ್ನು ಏಕಮಾನ ಸಹಿತ ನಮೂದಿಸುವುದು ಸೂಕ್ತ.

ವಿ.ಸೂ.: ಈ ಪುಟದ ಕೋಷ್ಟಕಗಳಲ್ಲಿನ ಸಮಯವು ಅಂದಾಜಿಗಾಗಿ ಮಾತ್ರ ನೀಡಲಾದುದಾಗಿರುತ್ತದೆ. ಅರ್ಜಿದಾರರು ತಮ್ಮ ಕಡತದ ಗಾತ್ರ ಹಾಗೂ ಅಪ್‌ಲೋಡ್ ದರವನ್ನು ಸೂತ್ರದಲ್ಲಿ ಅಳವಡಿಸಿ ಲೆಕ್ಕ ಹಾಕಿಕೊಳ್ಳುವುದು ಹಾಗೂ ಕೊನೆಯ ದಿನಾಂಕಕ್ಕೆ ಸಾಕಷ್ಟು ಮುಂಚಿತವಾಗಿ ಅರ್ಜಿ ಸಲ್ಲಿಸುವುದು.